ಆನೆಹೆಜ್ಜೆ ಕುಂಟಿದಾಗ: ಪೈಥಾನ್‌ನ ಸಿ ಎಕ್ಸ್‌ಟೆನ್ಶನ್ ಕ್ರ್ಯಾಶ್‌ಗೆ ನಾನು ಬಳಸಿ ನೋಡಿದ ಉಪಕರಣಗಳು

ಗುಳೇದಗುಡ್ಡದ ನಮ್ಮ ಕಾಕಾ ಹಳೆಯ ಖಣಗಳ ಫೋಟೋ ಕಳುಹಿಸುತ್ತಾರೆ. ಬಾಗಲಕೋಟೆಯ ನವನಗರದಲ್ಲಿ ಕುಳಿತು ನಾನು ಬರೆದ ಪ್ರೋಗ್ರಾಂ ಆ ಫೋಟೋವನ್ನು ಚೌಕಳಿ ಗ್ರಾಫ್ ಆಗಿ ಬದಲಿಸುತ್ತದೆ. ಒಂದು ಚೌಕ ಎಂದರೆ ಹಾಸಿನ ಒಂದು ಎಳೆಯನ್ನು ಹೊಕ್ಕಿನ ಒಂದು ಎಳೆ ದಾಟುವ ಜಾಗ. ಪ್ರೋಗ್ರಾಂ ಬಹುಪಾಲು ಪೈಥಾನ್‌ನಲ್ಲಿದೆ. ಬಣ್ಣಗಳನ್ನು ವಿಂಗಡಿಸಿ ಎಳೆಗಳ ಕ್ರಮ ಹಾಕುವ ಭಾಗ ನಿಧಾನವಾಯಿತೆಂದು ಅದನ್ನಷ್ಟೇ ಸಿ ಭಾಷೆಯಲ್ಲಿ ಬರೆದು, ಪೈಥಾನ್‌ಗೆ ಜೋಡಿಸುವ ಎಕ್ಸ್‌ಟೆನ್ಶನ್ ಮಾಡಿದೆ. ತೊಂದರೆ ಶುರುವಾದದ್ದು ಅಲ್ಲಿಂದ.

ಮೊದಲು ಕ್ರ್ಯಾಶ್ ಕೂಡ ಆಗಲಿಲ್ಲ. ಕಾಕಾ ಫೋನ್ ಮಾಡಿ, "ತಮ್ಮಾ, ಈ ಆನೆಹೆಜ್ಜೆ ಕುಂಟುತ್ತಿದೆಯಲ್ಲ, ನಡುವೆ ಎರಡು ಎಳೆ ಎಲ್ಲಿಗೋ ಹಾರಿವೆ" ಎಂದರು. ಆನೆಹೆಜ್ಜೆ ಎಂಬುದು ಖಣದ ಒಂದು ವಿನ್ಯಾಸದ ಹೆಸರು. ಫೋಟೋ ಸರಿ ಇರಲಿಕ್ಕಿಲ್ಲ ಎಂದು ನಾನು ತಳ್ಳಿಹಾಕಿದೆ. ಎರಡು ದಿನದ ನಂತರ ಅದೇ ವಿನ್ಯಾಸಕ್ಕೆ ಪ್ರೋಗ್ರಾಂ ಸತ್ತಿತು. ಪೈಥಾನ್ ಸಾಮಾನ್ಯವಾಗಿ ತಪ್ಪಾದರೆ ಯಾವ ಸಾಲು, ಯಾವ ಕಾರಣ ಎಂದು ನೀಟಾಗಿ ಹೇಳಿ ನಿಲ್ಲುತ್ತದೆ. ಸಿ ಭಾಗ ಕೆಟ್ಟರೆ ಆ ಮರ್ಯಾದೆಯೆಲ್ಲ ಇಲ್ಲ. "ಸೆಗ್ಮೆಂಟೇಶನ್ ಫಾಲ್ಟ್" ಎಂಬ ಎರಡೇ ಪದ, ಅಂದರೆ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದೆ ಎಂದು, ಮುಗಿಯಿತು.

ಎಲ್ಲರಂತೆ ನಾನೂ ಮೊದಲು ಸಿ ಕೋಡಿನ ತುಂಬ ಪ್ರಿಂಟ್ ಸಾಲುಗಳನ್ನು ತುರುಕಿದೆ. ಅರ್ಧ ದಿನ ಹಾಳು. ಔಟ್‌ಪುಟ್ಟನ್ನು ಕಡತಕ್ಕೆ ತಿರುಗಿಸಿದ್ದೆ, ಅದು ಬಫರ್‌ನಲ್ಲಿ (ಕಡತಕ್ಕೆ ಹೋಗುವ ಮುನ್ನ ಮೆಮೊರಿಯಲ್ಲಿ ಕಾಯುವ ಜಾಗ) ಕುಳಿತಿತ್ತು. ಪ್ರೋಗ್ರಾಂ ಸಾಯುವಾಗ ಕೊನೆಯ ಸಾಲುಗಳು ಅದರ ಜೊತೆಗೇ ಸತ್ತವು. ಇನ್ನೂ ಓಡದ ಸಾಲೆಂದು ನಾನು ತಿಳಿದದ್ದು ಯಾವಾಗಲೋ ಓಡಿ ಮುಗಿದಿತ್ತು. ಈ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಫಾಲ್ಟ್‌ಹ್ಯಾಂಡ್ಲರ್ ಪೈಥಾನ್ 3.3ರಿಂದ ಜೊತೆಯಲ್ಲೇ ಬರುತ್ತದೆ. ಒಂದು ಪರಿಸರ ಚರವನ್ನು (ಪ್ರೋಗ್ರಾಂ ಓಡಿಸುವ ಮುನ್ನ ಹೊರಗಿನಿಂದ ಕೊಡುವ ಸೂಚನೆ) 1 ಎಂದು ಇಟ್ಟರೆ ಸಾಕು, ಸಾಯುವ ಮುನ್ನ ಪೈಥಾನ್ ಯಾವ ಸಾಲಿನಲ್ಲಿತ್ತು ಎಂದು ಬರೆದಿಡುತ್ತದೆ. ಖರ್ಚು ಏನೂ ಇಲ್ಲ, ವೇಗ ತಗ್ಗುವುದಿಲ್ಲ. ಆದರೆ ನನಗೆ ಅದು ತೋರಿಸಿದ್ದು ಗ್ರಾಫನ್ನು ಕಡತಕ್ಕೆ ಉಳಿಸುವ ಸಾಲನ್ನು. ಆ ಸಾಲು ಶುದ್ಧ ಪೈಥಾನ್, ಪಾಪದ್ದು. ಇಲ್ಲಿಗೇ ನನಗೆ ಹೊಳೆಯಬೇಕಿತ್ತು: ನಾನು ಕೇಳಬೇಕಾದ ಪ್ರಶ್ನೆ ಪ್ರೋಗ್ರಾಂ ಎಲ್ಲಿ ಸತ್ತಿತು ಎಂಬುದಾಗಿರಲಿಲ್ಲ, ಪೆಟ್ಟು ಎಲ್ಲಿ ಬಿತ್ತು ಎಂಬುದಾಗಿತ್ತು. ಮಗ್ಗದಲ್ಲಿ ಎಳೆಯನ್ನು ತಪ್ಪು ಹಲ್ಲಿಗೆ ಪೋಣಿಸಿದ್ದು ಬೆಳಿಗ್ಗೆ, ಗೆರೆ ಕಣ್ಣಿಗೆ ಬೀಳುವುದು ಮಧ್ಯಾಹ್ನ. ಕಾಕಾ ಇದನ್ನು ನನ್ನ ಹಾಗೆ ಮೂರು ದಿನ ಯೋಚಿಸುತ್ತಿರಲಿಲ್ಲ.

ನಂತರ ಜಿಡಿಬಿ ಎಂಬ ಡಿಬಗರ್ ಮತ್ತು ಕೋರ್ ಕಡತ. ಪ್ರೋಗ್ರಾಂ ಸತ್ತ ಕ್ಷಣದ ಮೆಮೊರಿಯನ್ನು ಹಾಗೇ ಡಿಸ್ಕಿಗೆ ಇಳಿಸಿ, ಆರಾಮಾಗಿ ಬಿಚ್ಚಿ ನೋಡುವ ಕ್ರಮ ಇದು. ಇದಕ್ಕೆ ಸಿದ್ಧತೆಯೇ ಅರ್ಧ ಕೆಲಸ: ಕೋರ್ ಕಡತದ ಗಾತ್ರದ ಮಿತಿ ತೆಗೆಯಬೇಕು, ಉಬುಂಟುವಿನಲ್ಲಿ ಕ್ರ್ಯಾಶ್ ವರದಿ ಮಾಡುವ ಆಪೋರ್ಟ್ ನಡುವೆ ಬಂದು ಕಡತವನ್ನು ಎತ್ತಿಕೊಂಡು ಹೋಗದಂತೆ ನೋಡಬೇಕು, ಪೈಥಾನ್‌ನ ಡಿಬಗ್ ಚಿಹ್ನೆಗಳ ಪ್ಯಾಕೇಜ್ ಹಾಕಿಕೊಳ್ಳಬೇಕು. ಇಷ್ಟಾದ ಮೇಲೆ ಜಿಡಿಬಿಯಲ್ಲಿ ಪಿವೈ-ಬಿಟಿ ಎಂಬ ಆಜ್ಞೆ ಪೈಥಾನ್ ಸಾಲುಗಳನ್ನೂ, ಬರೀ ಬಿಟಿ ಎಂಬುದು ಅದರ ಕೆಳಗಿನ ಸಿ ಸಾಲುಗಳನ್ನೂ ತೋರಿಸುತ್ತದೆ. ನನ್ನ ಕೋರ್‌ನಲ್ಲಿ ಸಾವು ಪೈಥಾನ್ ಕೋಡನ್ನು ಓಡಿಸುವ ಇಂಟರ್‌ಪ್ರಿಟರ್‌ನ ಹೊಟ್ಟೆಯೊಳಗೇ ಆಗಿತ್ತು, ನನ್ನ ಕೋಡಿನ ಒಂದು ಸಾಲೂ ಅಲ್ಲಿರಲಿಲ್ಲ. ಪೈಥಾನ್‌ನಲ್ಲೇ ದೋಷವಿದೆ ಎಂದು ಒಂದು ರಾತ್ರಿ ನಂಬಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನಿಜವಾಗಿ ದಾರಿ ತೋರಿಸಿದ್ದು ನಾನು ಉಪಕರಣವೆಂದೇ ಎಣಿಸದ ಒಂದು ಸೌಲಭ್ಯ. ಪೈಥಾನ್‌ಮ್ಯಾಲಕ್ ಎಂಬ ಪರಿಸರ ಚರಕ್ಕೆ ಡಿಬಗ್ ಎಂಬ ಬೆಲೆ ಕೊಟ್ಟರೆ (3.6ರಿಂದ ಇದೆ), ಪೈಥಾನ್ ಹೊಸದಾಗಿ ಕೊಡುವ ಮೆಮೊರಿಯಲ್ಲಿ ಸಿಡಿ ಎಂಬ ಬೈಟುಗಳನ್ನೂ, ಬಿಟ್ಟುಕೊಟ್ಟ ಮೆಮೊರಿಯಲ್ಲಿ ಡಿಡಿ ಎಂಬ ಬೈಟುಗಳನ್ನೂ ತುಂಬುತ್ತದೆ, ಎರಡೂ ಬದಿಗೆ ಎಫ್‌ಡಿ ಎಂಬ ಬೈಟುಗಳ ಬೇಲಿ ಹಾಕುತ್ತದೆ. ಇದನ್ನು ಇಟ್ಟ ಕೂಡಲೇ, ಹತ್ತಕ್ಕೆ ಮೂರು ಸಲ ಸಾಯುತ್ತಿದ್ದ ಪ್ರೋಗ್ರಾಂ ಹತ್ತಕ್ಕೆ ಹತ್ತು ಸಲ ಸಾಯತೊಡಗಿತು. ಇಷ್ಟು ಸಂತೋಷ ಕೊಟ್ಟ ಸಾವನ್ನು ನಾನು ಬೇರೆ ನೋಡಿಲ್ಲ. ಜಿಡಿಬಿಯಲ್ಲಿ ನೋಡಿದರೆ, ಒಂದು ಪೂರ್ಣಾಂಕದ ವಿಧ ಹೇಳಬೇಕಾದ ಪಾಯಿಂಟರ್ (ಮೆಮೊರಿಯ ವಿಳಾಸ) ಪೂರ್ತಿ ಡಿಡಿ ಡಿಡಿ ಡಿಡಿ. ಸತ್ತ ವಸ್ತುವನ್ನು ಯಾರೋ ಇನ್ನೂ ಬಳಸುತ್ತಿದ್ದರು.

ಆನೆಹೆಜ್ಜೆ ಕುಂಟಿದ್ದೂ ಆಗ ಅರ್ಥವಾಯಿತು. ಪೈಥಾನ್ ಬಿಟ್ಟುಕೊಟ್ಟ ಸಣ್ಣ ವಸ್ತುವಿನ ಜಾಗವನ್ನು ತಕ್ಷಣ ಒರೆಸುವುದಿಲ್ಲ. ಮನೆಯವರು ಖಾಲಿ ಮಾಡಿ ಹೋದರೂ ಬಾಗಿಲ ಮೇಲಿನ ಹೆಸರಿನ ಫಲಕ ಹಾಗೇ ಇರುತ್ತದೆ, ಹೊಸ ಬಾಡಿಗೆದಾರ ಬರುವವರೆಗೆ. ಬಂದವನು ಇನ್ನೊಂದು ಪೂರ್ಣಾಂಕವಾದರೆ ಕ್ರ್ಯಾಶ್ ಇಲ್ಲ, ಎಳೆಯ ಸಂಖ್ಯೆ ಮಾತ್ರ ತಪ್ಪು. ಅದೇ ಕುಂಟು.

ಆದರೆ ಕೊಂದವರು ಯಾರು? ಡಿಬಗ್ ಮ್ಯಾಲಕ್ ಅದನ್ನು ಹೇಳುವುದಿಲ್ಲ. ಮೆಮೊರಿಯ ಪ್ರತಿ ಬಳಕೆಯನ್ನೂ ಗಮನಿಸುವ ವ್ಯಾಲ್‌ಗ್ರೈಂಡ್ ಹೇಳುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಮೊದಲ ಸಲ ಅದನ್ನು ನೇರವಾಗಿ ಓಡಿಸಿದೆ, ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಇಲ್ಲ. 512 ಬೈಟು ಮತ್ತು ಅದಕ್ಕಿಂತ ಚಿಕ್ಕ ಬೇಡಿಕೆಗಳನ್ನು ಪೈಥಾನ್ ತನ್ನದೇ ಉಗ್ರಾಣದಿಂದ ಪೂರೈಸುತ್ತದೆ. ಒಳಗೆ ನಡೆಯುವ ಕೊಡುಕೊಳ್ಳುವಿಕೆ ವ್ಯಾಲ್‌ಗ್ರೈಂಡ್‌ಗೆ ಕಾಣುವುದಿಲ್ಲ. ಅದೇ ಪರಿಸರ ಚರಕ್ಕೆ ಡಿಬಗ್ ಬದಲು ಮ್ಯಾಲಕ್ ಎಂದೇ ಬೆಲೆ ಕೊಟ್ಟ ಮೇಲೆ ಎಲ್ಲವೂ ಬಯಲಾಯಿತು: ಈ ಜಾಗ ಇಲ್ಲಿ ಹುಟ್ಟಿತು, ಇಲ್ಲಿ ಬಿಡುಗಡೆಯಾಯಿತು, ಇಲ್ಲಿ ಮತ್ತೆ ಓದಲಾಯಿತು, ಮೂರಕ್ಕೂ ಸಾಲುಸಂಖ್ಯೆ ಸಹಿತ. ಬಿಡುಗಡೆಯ ಸಾಲು ನನ್ನದು. ಪಟ್ಟಿಯಿಂದ ಒಂದು ಅಂಶವನ್ನು ಪೈಲಿಸ್ಟ್‌ಗೆಟ್‌ಐಟಂ ಮೂಲಕ ತೆಗೆದಿದ್ದೆ. ಅದು ಕೊಡುವುದು ಕೈಗಡ, ಒಡೆತನ ಪಟ್ಟಿಯದ್ದೇ. ನಾನು ನನ್ನದೆಂದು ತಿಳಿದು ಕೊನೆಗೆ ರೆಫರೆನ್ಸ್ ಎಣಿಕೆಯನ್ನು ಒಂದು ಇಳಿಸಿದ್ದೆ. ಆ ಎಣಿಕೆ ಎಂದರೆ ವಸ್ತುವನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ, ಸೊನ್ನೆಯಾದರೆ ಪೈಥಾನ್ ವಸ್ತುವನ್ನು ಬಿಟ್ಟುಕೊಡುತ್ತದೆ.

ಕೈಗಡ ತಂದದ್ದನ್ನು ಮಾರಿಬಿಟ್ಟರೂ 240 ಎಳೆಯ ವಿನ್ಯಾಸಗಳಿಗೆ ಏಕೆ ಏನೂ ಆಗಿರಲಿಲ್ಲ? ಪೈಥಾನ್ -5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಒಮ್ಮೆ ಸೃಷ್ಟಿಸಿ ಇಟ್ಟುಕೊಂಡಿರುತ್ತದೆ, 3.12ರಿಂದ ಅವು ಅಮರ, ಎಣಿಕೆಯನ್ನು ಎಷ್ಟು ಇಳಿಸಿದರೂ ಸಾಯುವುದಿಲ್ಲ. ಅಶ್ವತ್ಥಾಮ, ವಿಭೀಷಣರ ಸಾಲಿನ ಚಿರಂಜೀವಿಗಳು. 400 ಎಳೆಯ ವಿನ್ಯಾಸದಲ್ಲಿ 257ರಿಂದ 399ರವರೆಗಿನ ಸಂಖ್ಯೆಗಳು ಮಾತ್ರ ಪಾಪದ ಮರ್ತ್ಯರು. ನನ್ನ ಪರೀಕ್ಷೆಗಳೆಲ್ಲ ಸಣ್ಣ ಬುಟ್ಟಾಗಳ ಮೇಲೆ ನಡೆದಿದ್ದವು, ಎಲ್ಲವೂ ಪಾಸಾಗಿದ್ದವು.

ವ್ಯಾಲ್‌ಗ್ರೈಂಡ್‌ನ ದೋಷ ಎಲ್ಲರಿಗೂ ಗೊತ್ತು: ನಿಧಾನ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಸೆಕೆಂಡಿನ ಕೆಲಸಕ್ಕೆ ಎರಡು ನಿಮಿಷ ಬೇಕಾಯಿತು. ಚಹಾ ಮಾಡಿಕೊಂಡು ಬರಬಹುದು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ತಪ್ಪು ಸಿಕ್ಕ ಮೇಲೆ ಅದೇ ಹಳೆಯ ಕೋಡನ್ನು ಬೇಕೆಂದೇ ಆರ್‌ಆರ್ ಕೆಳಗೆ ಓಡಿಸಿದೆ. ಮೊಜಿಲ್ಲಾದವರು ಫೈರ್‌ಫಾಕ್ಸ್‌ಗಾಗಿ ಕಟ್ಟಿದ ಉಪಕರಣ ಇದು. ಪ್ರೋಗ್ರಾಂನ ಇಡೀ ಓಟವನ್ನು ರೆಕಾರ್ಡ್ ಮಾಡಿಕೊಂಡು, ಪ್ರತಿ ಸಲವೂ ಅದೇ ವಿಳಾಸಗಳೊಂದಿಗೆ ಮತ್ತೆ ಆಡಿಸಿ ತೋರಿಸುತ್ತದೆ, ಹಿಮ್ಮುಖವಾಗಿಯೂ. ಸತ್ತ ಪೂರ್ಣಾಂಕದ ಎಣಿಕೆಯ ಮೇಲೆ ಕಾವಲು ಇಟ್ಟು ಹಿಂದಕ್ಕೆ ಓಡು ಎಂದೆ. ಮೊದಲು ಇಂಟರ್‌ಪ್ರಿಟರ್‌ನಲ್ಲಿ ನಿಂತಿತು, ಮತ್ತೊಮ್ಮೆ ಎಂದೆ, ನನ್ನ ಸಾಲಿನ ಮೇಲೆ ಬಂದು ನಿಂತಿತು. ಹತ್ತು ನಿಮಿಷ. ಐದು ದಿನದ ಕೆಲಸಕ್ಕೆ ಹತ್ತು ನಿಮಿಷ ಎಂದು ಲೆಕ್ಕ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ರೆಫರೆನ್ಸ್ ಎಣಿಕೆಯ ತಪ್ಪಿಗೆ ನನ್ನ ಮತ ಪೂರ್ತಿ ಇದಕ್ಕೆ. ಆದರೆ ಇದಕ್ಕೆ ಪ್ರೊಸೆಸರ್‌ನ ಎಣಿಕೆ ಯಂತ್ರಗಳು ಬೇಕು. ನಾನು ಬಾಡಿಗೆಗೆ ಪಡೆದಿದ್ದ ಕ್ಲೌಡ್ ಯಂತ್ರ ಅವನ್ನು ಮುಚ್ಚಿಟ್ಟಿತ್ತು, ಅಲ್ಲಿ ಆರ್‌ಆರ್ ಶುರುವಾಗಲೇ ಇಲ್ಲ. ಲ್ಯಾಪ್‌ಟಾಪ್‌ನಲ್ಲೂ ಕರ್ನೆಲ್‌ನ ಒಂದು ಕಟ್ಟುನಿಟ್ಟನ್ನು ಸಡಿಲಿಸಬೇಕಾಯಿತು.

ಆ ಒಂದು ಸಾಲು ಅಳಿಸಿ ಕಾಕಾಗೆ ಹೊಸ ಪ್ರತಿ ಕಳುಹಿಸಿದೆ. ವಾರದೊಳಗೆ ಮತ್ತೆ ಫೋನ್. ಈ ಸಲ 600 ಎಳೆ ಇದ್ದರೆ ಸಾಯುತ್ತದೆ, 601 ಇದ್ದರೆ ಬದುಕುತ್ತದೆ. "601 ಎಂದೇ ಹಾಕಿಕೊಳ್ಳಲೇನು?" ಎಂದು ಕಾಕಾ ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ಇಲ್ಲಿ ಹಳೆಯ ಅಂಕಪಟ್ಟಿ ತಲೆಕೆಳಗಾಯಿತು. ನನ್ನ ಪ್ರೀತಿಯ ಡಿಬಗ್ ಮ್ಯಾಲಕ್‌ಗೆ ಏನೂ ಕಾಣಲಿಲ್ಲ, ಏಕೆಂದರೆ ಎಳೆಗೊಂದು ಬೈಟಿನಂತೆ ಬರೆಯುತ್ತಿದ್ದ ಬಫರನ್ನು ನಾನು ಪೈಥಾನ್‌ನಿಂದ ಕೇಳದೆ ನೇರವಾಗಿ ಸಿ ಗ್ರಂಥಾಲಯದಿಂದ ಪಡೆದಿದ್ದೆ; ಅದರ ಬೇಲಿ ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಕಂಪೈಲರ್ ಜೊತೆ ಬರುವ ಮೆಮೊರಿ ಕಾವಲುಗಾರ ಆಡ್ರೆಸ್ ಸ್ಯಾನಿಟೈಜರ್ ಹಿಡಿದೆ. ಎಕ್ಸ್‌ಟೆನ್ಶನ್ನನ್ನು ಅದರ ಸೂಚನೆಯೊಂದಿಗೆ ಮತ್ತೆ ಕಂಪೈಲ್ ಮಾಡಬೇಕು. ಪೈಥಾನ್ ಹಾಗೆ ಕಂಪೈಲ್ ಆಗಿರದ ಕಾರಣ ಸ್ಯಾನಿಟೈಜರ್‌ನ ಗ್ರಂಥಾಲಯವನ್ನು ಎಲ್ಲಕ್ಕಿಂತ ಮೊದಲು ಒತ್ತಾಯದಿಂದ ಏರಿಸಬೇಕು, ಇಲ್ಲವಾದರೆ ನಾನು ಮೊದಲು ಬಂದಿಲ್ಲ ಎಂದು ಮುನಿಸಿಕೊಂಡು ನಿಲ್ಲುತ್ತದೆ. ಸೋರಿಕೆ ಪತ್ತೆಯನ್ನೂ ಬಂದ್ ಮಾಡಬೇಕು, ಇಲ್ಲವಾದರೆ ಪೈಥಾನ್ ಮುಗಿಯುವಾಗ ಬಿಟ್ಟುಹೋಗುವ ಮೆಮೊರಿಯ ಪಟ್ಟಿ ಪುಟಗಟ್ಟಲೆ ಬರುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಓಡಿಸಿದ ಮೇಲೆ ಹತ್ತು ಸೆಕೆಂಡೂ ಹಿಡಿಯಲಿಲ್ಲ: 600 ಬೈಟಿನ ಜಾಗ ಮುಗಿದ ಮರುಬೈಟಿಗೆ ಬರೆದಿದ್ದೀರಿ, ಸಾಲು ಇಂತಿಷ್ಟು. ಸತ್ತ ಜಾಗ, ಪೆಟ್ಟು ಬಿದ್ದ ಜಾಗ ಎಂಬ ಭೇದವೇ ಇಲ್ಲ, ಪೆಟ್ಟು ಬಿದ್ದ ಕ್ಷಣದಲ್ಲೇ ನಿಲ್ಲಿಸಿತು. ಲೂಪಿನಲ್ಲಿ "ಕಡಿಮೆ" ಎಂದಿರಬೇಕಾದಲ್ಲಿ "ಕಡಿಮೆ ಅಥವಾ ಸಮ" ಎಂದು ಬರೆದಿದ್ದೆ.

600ರ ಗುಟ್ಟು ಇಷ್ಟು. 64 ಬಿಟ್ ಲಿನಕ್ಸ್‌ನಲ್ಲಿ ಮ್ಯಾಲಕ್, ಅಂದರೆ ಸಿ ಗ್ರಂಥಾಲಯದಲ್ಲಿ ಮೆಮೊರಿ ಕೊಡುವ ಭಾಗ, ನಾವು ಕೇಳಿದ್ದಕ್ಕೆ 8 ಬೈಟು ಲೆಕ್ಕದ ಜಾಗ ಸೇರಿಸಿ 16ರ ಗುಣಕಕ್ಕೆ ಏರಿಸುತ್ತದೆ. 600ಕ್ಕೆ 8 ಸೇರಿದರೆ 608, ಅದು 16ರ ಗುಣಕವೇ. ಸಡಿಲ ಜಾಗ ಒಂದು ಬೈಟೂ ಇಲ್ಲ. ಮುಂದಿನ ಬೈಟು ಪಕ್ಕದ ಮನೆಯ ಲೆಕ್ಕದ ಪುಸ್ತಕ. 601ಕ್ಕೆ 15 ಬೈಟು ಸಡಿಲ ಸಿಗುತ್ತದೆ, ತಪ್ಪು ಅಲ್ಲೇ ಮುಚ್ಚಿಹೋಗುತ್ತದೆ.

ವ್ಯಾಲ್‌ಗ್ರೈಂಡ್ ಕೂಡ ಇದನ್ನು ಹಿಡಿಯಿತು, ತನ್ನ ಎರಡು ನಿಮಿಷದ ಗತಿಯಲ್ಲಿ. ಮತ್ತೆ ಕಂಪೈಲ್ ಮಾಡಬೇಕಿಲ್ಲ ಎಂಬುದು ಅದರ ದೊಡ್ಡಸ್ತಿಕೆ. ಸ್ಟ್ಯಾಕಿನ ಮೇಲಿನ ಅರೇ ದಾಟಿ ಬರೆದರೆ ಸಾಮಾನ್ಯವಾಗಿ ಗೊತ್ತಾಗದು ಎಂಬುದು ಕೊರತೆ, ಸ್ಯಾನಿಟೈಜರ್‌ಗೆ ಅದೂ ಗೊತ್ತಾಗುತ್ತದೆ. ಹಾಗಾದರೆ ಸ್ಯಾನಿಟೈಜರ್ ಒಂದೇ ಸಾಕೇ ಎಂದು ಹಳೆಯ ಕೈಗಡದ ತಪ್ಪನ್ನು ಮತ್ತೆ ಹಾಕಿ ನೋಡಿದೆ. ತೆಪ್ಪಗಿತ್ತು. ಸತ್ತ ವಸ್ತುವನ್ನು ಓದುತ್ತಿದ್ದದ್ದು ಇಂಟರ್‌ಪ್ರಿಟರ್, ಅದರ ಕೋಡಿಗೆ ಕಾವಲು ಹಾಕಿಸಿರಲಿಲ್ಲ. ಪೈಥಾನನ್ನೇ ಸ್ಯಾನಿಟೈಜರ್ ಸಹಿತ ಕಟ್ಟಿಕೊಳ್ಳುವಷ್ಟು ವ್ಯವಧಾನ ಇದ್ದವರಿಗೆ ಆ ಕೊರತೆ ಇಲ್ಲ, ನನಗೆ ಇರಲಿಲ್ಲ.

ಈಗ ಕಾಕಾನ ಗಣಕಯಂತ್ರದಲ್ಲಿ ಫಾಲ್ಟ್‌ಹ್ಯಾಂಡ್ಲರ್ ಸದಾ ಚಾಲೂ ಇರುತ್ತದೆ, ಕೋರ್ ಕಡತವೂ ಉಳಿಯುತ್ತದೆ. ಕಳೆದ ವಾರ ತೇರಿನ ವಿನ್ಯಾಸಕ್ಕೆ ಮತ್ತೆ ಸತ್ತಿತಂತೆ. ಕೋರ್ ಕಡತ ಮೊಬೈಲಿನಲ್ಲಿ ಕಳುಹಿಸಲಾಗದಷ್ಟು ದೊಡ್ಡದು ಎಂದು ಪೆನ್‌ಡ್ರೈವ್‌ಗೆ ಹಾಕಿ, ಬಾಗಲಕೋಟೆಯ ಬಸ್ ಹತ್ತುತ್ತಿದ್ದ ಓಣಿಯ ಹುಡುಗನ ಕೈಯಲ್ಲಿ ಕೊಟ್ಟು ಕಳುಹಿಸಿದರು. ಆರ್‌ಆರ್ ಹಾಕೋಣವೆಂದರೆ ಕೋರ್ ಸಾಲದು, ಪ್ರೋಗ್ರಾಂ ನನ್ನಲ್ಲಿ ಮತ್ತೆ ಸಾಯಬೇಕು. ಅದಕ್ಕೆ ಮೂಲ ಫೋಟೋ ಬೇಕು. ಕೇಳಿದೆ. "ಪೆನ್‌ಡ್ರೈವ್‌ನಲ್ಲಿ ಜಾಗ ಸಾಲಲಿಲ್ಲ ತಮ್ಮಾ, ನಿನ್ನ ಆ ಕಡತ ಹಿಡಿಸಲು ಫೋಟೋಗಳನ್ನೆಲ್ಲ ಅಳಿಸಿದೆ" ಎಂದರು.