ಫ್ಯುಯೆಲ್ ಪಂಪ್ ಹೋಗಿದೆ ಅಂದರೆ ಮೊದಲು ಅರ್ಥಿಂಗ್ ನೋಡಿಸಿ

ಕಳೆದ ಆಟಿ ತಿಂಗಳ ಮಳೆಯಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಫ್ಯುಯೆಲ್ ಪಂಪ್ ಎಂದರೆ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್. ಅರ್ಥಿಂಗ್ ಎಂದರೆ ಅದರ ಮೈನಸ್ ವಯರ್ ಗಾಡಿಯ ತಗಡಿಗೆ ಸೇರುವ ಜೋಡಣೆ. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆ ಹಳೆಯ ಪೆಟ್ರೋಲ್ ಕಾರು ಇರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮ ಕಾರಿಗೆ ಎಂಟು ವರ್ಷ. ತಿಂಗಳಿಗೊಮ್ಮೆ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಬೇಕು. ಅವತ್ತು ಬೆಳಿಗ್ಗೆ ಸೀತಾಂಗೋಳಿ, ಕುಂಬಳೆ ದಾಟಿ ಹೆದ್ದಾರಿಗೆ ಬಂದೆವು. ಉಪ್ಪಳ ಕಳೆದು ಸ್ವಲ್ಪ ಮುಂದೆ ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯಲಿಲ್ಲ. ಎರಡು ಸಲ ಜಗ್ಗಿತು, ನಿಂತಿತು. ಧೋ ಎಂದು ಮಳೆ. ಹಿಂದೆ ಲಾರಿಗಳ ಸಾಲು. ಹಿಂದಿನ ಸೀಟಿನಲ್ಲಿ ಅಮ್ಮ. ಆ ಇಪ್ಪತ್ತು ನಿಮಿಷ ನನಗೆ ಈಗಲೂ ನೆನಪಾದರೆ ಕೈ ತಣ್ಣಗಾಗುತ್ತದೆ. ಆಮೇಲೆ ಏನೂ ಆಗದವರ ಹಾಗೆ ಗಾಡಿ ಸ್ಟಾರ್ಟ್ ಆಯಿತು.

ಮರುದಿನ ಹೆದ್ದಾರಿ ಬದಿಯ ಒಂದು ಗ್ಯಾರೇಜಿಗೆ ಕೊಟ್ಟೆ. ಹುಡುಗ ಹಿಂದಿನ ಸೀಟು ಎತ್ತಿದ. ಪಂಪಿನ ಸಾಕೆಟ್ ಬಿಚ್ಚಿದ. ಮೀಟರಿನ ಎರಡು ಸೂಜಿ ಸಾಕೆಟ್ಟಿಗೆ ತಾಗಿಸಿ ಕೀ ಆನ್ ಮಾಡಿಸಿದ. ಮೀಟರಿನಲ್ಲಿ 12.4 ವೋಲ್ಟ್ ಬಂತು. "ನೋಡಿ ಮಾರಾಯ್ರೇ, ಕರೆಂಟ್ ಸರಿ ಬರ್ತಾ ಉಂಟು. ಪಂಪೇ ಹೋಗಿದೆ" ಎಂದರು ಗ್ಯಾರೇಜಿನವರು. ಕಣ್ಣೆದುರೇ ಮೀಟರ್ ತೋರಿಸಿದ್ದಾರೆ, ನಾನು ನಂಬಿದೆ. ಪಂಪ್, ಫಿಲ್ಟರ್, ಕೂಲಿ ಸೇರಿ 8,400 ರೂಪಾಯಿ. ಹಳೆಯ ಪಂಪ್ ಕೊಡಿ ಎಂದೆ. ಗುಜರಿಗೆ ಹೋಯಿತು ಎಂದರು.

ಒಂಬತ್ತನೇ ದಿನ ಗಾಡಿ ಮತ್ತೆ ನಿಂತಿತು. ಅದೇ ಥರ. ಅರ್ಧ ಗಂಟೆ ಓಡಿದ ಮೇಲೆ ಎಳೆತ ಕಮ್ಮಿ, ಆಮೇಲೆ ಬಂದ್, ತಣ್ಣಗಾದರೆ ಸರಿ.

ಎರಡನೇ ಸಲ ಅವರು ಮಾಡಿದ ಕೆಲಸವೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. ಆಗ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು. ಬ್ಯಾಟರಿಯಿಂದ ಪಂಪಿಗೆ ಒಂದು ಡೈರೆಕ್ಟ್ ವಯರ್ ಎಳೆದು, ಸ್ಟೇರಿಂಗಿನ ಕೆಳಗೆ ಸ್ವಿಚ್ ಇಟ್ಟುಕೊಟ್ಟರು. ನಡುವೆ ಫ್ಯೂಸ್ ಇಲ್ಲ, ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಇಲ್ಲ. "ಸದ್ಯಕ್ಕೆ ಹೀಗೆ ಓಡಿಸಿ, ನಿಂತರೆ ಇಸಿಯು ಬದಲಿಸುವ, 32,000 ಆಗಬಹುದು" ಎಂದರು.

ಇಸಿಯು ಎಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್. ಕೀ ಆನ್ ಮಾಡಿದ ಮೊದಲ ಒಂದೆರಡು ಸೆಕೆಂಡ್ ಬಿಟ್ಟರೆ, ಇಂಜಿನ್ ತಿರುಗುತ್ತಾ ಇದ್ದರೆ ಮಾತ್ರ ಅದು ಪಂಪಿಗೆ ಕರೆಂಟ್ ಬಿಡುತ್ತದೆ. ಇಂಜಿನ್ ನಿಂತರೆ ಒಂದೆರಡು ಸೆಕೆಂಡಿನಲ್ಲಿ ಪಂಪ್ ಕೂಡ ನಿಲ್ಲುತ್ತದೆ. ಎಲ್ಲಾದರೂ ಗುದ್ದಿ ಪೆಟ್ರೋಲ್ ಪೈಪ್ ಒಡೆದರೆ ನಮ್ಮನ್ನು ಕಾಯುವುದು ಅದೇ. ಡೈರೆಕ್ಟ್ ವಯರ್ ಹಾಕಿದರೆ ಸ್ವಿಚ್ ಆಫ್ ಮಾಡುವವರೆಗೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಫ್ಯೂಸ್ ಇಲ್ಲದ ವಯರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತಲು ಬೇರೆ ಏನೂ ಬೇಡ. ಅಂಥ ಗಾಡಿಯಲ್ಲಿ ನಾನು ನಾಲ್ಕು ದಿನ ಮಕ್ಕಳನ್ನು ಶಾಲೆಗೆ ಬಿಟ್ಟಿದ್ದೇನೆ. ಯಾರೇ ಹೇಳಲಿ, ಇದಕ್ಕೆ ಒಪ್ಪಬೇಡಿ.

ಆ ವಯರ್ ಹಾಕಿದ ಮೇಲೂ ಗಾಡಿ ನಿಂತಿತು.

ಕೊನೆಗೆ ನಮ್ಮ ಭಾವ ಪೆರ್ಲದ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದರು. ವಯಸ್ಸಾದವರು, ಮಾತು ಕಡಿಮೆ. ಗಾಡಿ ನೋಡುವ ಮೊದಲು ಅವರು ಕೇಳಿದ್ದು ಒಂದೇ: "ಕೀ ಆನ್ ಮಾಡಿದಾಗ ಹಿಂದಿನಿಂದ ಸ್ವರ ಬರ್ತದಾ?" ಹಿಂದೆ ಕೂತಿದ್ದ ಅಮ್ಮ ಉತ್ತರ ಕೊಟ್ಟರು: "ಮೊದಲು ಸೀಟಿನಡಿ ಜೀರುಂಡೆ ಹಾಗೆ ಕೂಗ್ತಿತ್ತು. ಈ ಮಳೆಗಾಲ ಸುರುವಾದ ಮೇಲೆ ಸ್ವರ ಸಣ್ಣ ಆಗಿದೆ." ಕೀ ಆನ್ ಮಾಡಿದ ಕೂಡಲೇ ಪಂಪ್ ಎರಡು ಸೆಕೆಂಡ್ ಓಡಿ ಪೈಪಿನಲ್ಲಿ ಪ್ರೆಶರ್ ತುಂಬಿಸುತ್ತದೆ. ಆ ಸ್ವರ ಅದರದ್ದು. ಎದುರಿನ ಸೀಟಿನಲ್ಲಿ ಕೂತ ನಾನು ಒಂದು ದಿನವೂ ಅದಕ್ಕೆ ಕಿವಿ ಕೊಟ್ಟಿರಲಿಲ್ಲ.

ಅವರು ನನ್ನನ್ನು ಕೂರಿಸಿಕೊಂಡು ಏರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದರು. ಗಾಡಿ ಜಗ್ಗಲು ಶುರುವಾದ ಮೇಲೆ ವಾಪಸ್ ತಂದು, ಎಲ್ಲ ಬಾಗಿಲು ತೆರೆದಿಟ್ಟರು. ಮೊದಲು ಆ ಡೈರೆಕ್ಟ್ ವಯರ್ ಕಿತ್ತು ಹಾಕಿ, ಹಳೆಯ ವಯರಿಂಗ್ ಇದ್ದ ಹಾಗೆ ಸೇರಿಸಿದರು. ಪಂಪಿನ ಸಾಕೆಟ್ ಬಿಚ್ಚಿ, ಮೀಟರಿನ ಬದಲು ಅದಕ್ಕೆ ಒಂದು ಹಳೆಯ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿದರು. ಬಲ್ಬಿನ ವಯರ್ ಉದ್ದ ಇತ್ತು. ಬಿಸಿ ಬಲ್ಬ್ ಟ್ಯಾಂಕಿನ ಹತ್ತಿರ ಇರಬಾರದು ಎಂದು ಬಾಗಿಲಿನ ಹೊರಗೆ ಹಿಡಿದುಕೊಂಡರು. "ಕೀ ಹಾಕಿ" ಎಂದರು. ಬಲ್ಬ್ ಎರಡು ಸೆಕೆಂಡ್ ಉರಿಯಿತು, ಮಸಿ ಹಿಡಿದ ಲಾಟೀನಿನ ಹಾಗೆ ಕೆಂಪಗೆ. ಆಮೇಲೆ ಬಲ್ಬಿನ ಕಪ್ಪು ವಯರನ್ನು ಸಾಕೆಟ್ಟಿನಿಂದ ತೆಗೆದು, ಬಾಗಿಲಿನ ಲಾಕ್ ಕೂರುವ ಕಬ್ಬಿಣದ ಕೊಂಡಿಗೆ ಕ್ಲಿಪ್ ಹಾಕಿದರು. ಮತ್ತೆ ಕೀ. ಈ ಸಲ ಬಲ್ಬ್ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯಿತು.

ಪ್ಲಸ್ ಸರಿ ಇದೆ, ಮೈನಸ್ ಸರಿ ಇಲ್ಲ. ಅಷ್ಟೇ.

ಹಾಗಾದರೆ ಗ್ಯಾರೇಜಿನ ಮೀಟರಿನಲ್ಲಿ 12.4 ಬಂದದ್ದು ಹೇಗೆ ಎಂದು ಕೇಳಿದೆ. ಅವರು ತೋಟದ ಲೆಕ್ಕದಲ್ಲಿ ಹೇಳಿದರು. ಸ್ಪ್ರಿಂಕ್ಲರ್ ಪೈಪಿನೊಳಗೆ ಬೇರು ಹೊಕ್ಕು ಮುಕ್ಕಾಲು ಮುಚ್ಚಿದೆ ಎಂದಿಟ್ಟುಕೊಳ್ಳಿ. ತುದಿಯ ವಾಲ್ವ್ ಬಂದ್ ಇರುವಾಗ ಅಲ್ಲಿ ಪ್ರೆಶರ್ ನೋಡಿದರೆ ಪೂರ್ತಿ ತೋರಿಸುತ್ತದೆ. ವಾಲ್ವ್ ತೆರೆದರೆ ನೀರು ಮಾತ್ರ ತೊಟ್ಟಿಕ್ಕುತ್ತದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆಂಬಷ್ಟು ಕಡಿಮೆ. ಪಂಪ್ ಸುಮಾರು 5 ಆಂಪ್ಸ್ ಎಳೆಯುತ್ತದೆ. ದಾರಿಯಲ್ಲಿ ಒಂದೇ ಒಂದು ಓಮ್ ತಡೆ ಇದ್ದರೂ 5 ವೋಲ್ಟ್ ಅಲ್ಲೇ ಮುಗಿಯಿತು. ಪಂಪಿಗೆ ಸಿಗುವುದು ಏಳೋ ಎಂಟೋ. ಓಡಿದಷ್ಟು ಆ ಕೆಟ್ಟ ಜಾಗ ಬಿಸಿಯಾಗಿ ತಡೆ ಇನ್ನೂ ಜಾಸ್ತಿ. ನಿಂತು ತಣ್ಣಗಾದರೆ ಮತ್ತೆ ಸರಿ. ನಮ್ಮ ಗಾಡಿಯ ಆಟ ಪೂರ್ತಿ ಅರ್ಥವಾಯಿತು.

ಕಪ್ಪು ವಯರ್ ಹಿಡಿದು ಹೋದರೆ ಅದು ಹಿಂದಿನ ಎಡ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಅಡಿಗೆ ಹೋಗಿತ್ತು. ಪಟ್ಟಿ ಎತ್ತಿದಾಗ ಕಾರ್ಪೆಟ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ಬೋಲ್ಟಿನ ಸುತ್ತ ಹಸಿರು, ಬಿಳಿ ಪುಡಿ. ವಯರಿನ ತುದಿಯ ರಿಂಗ್ ಕೈಯಲ್ಲಿ ಅಲುಗಾಡಿಸಿದರೆ ತುಂಡಾಯಿತು. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ನಮ್ಮ ಕೆಂಪು ಮಣ್ಣಿನಿಂದ ಮುಚ್ಚಿದ್ದವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡು ಜಿಲ್ಲೆ ನಮ್ಮದು. ನೀರಿಗೆ ಹೊರಗೆ ದಾರಿ ಇಲ್ಲದಿದ್ದರೆ ಒಳಗೆ ಬರುತ್ತದೆ.

ಬೋಲ್ಟಿನ ಜಾಗ ಉಜ್ಜಿ ತಗಡು ಹೊಳೆಯುವಂತೆ ಮಾಡಿದರು. ಹೊಸ ರಿಂಗ್ ಹಾಕಿ ಬಿಗಿದು ಗ್ರೀಸ್ ಹಚ್ಚಿದರು. ಪಂಪ್ ಸಾಕೆಟ್ ವಾಪಸ್ ಹಾಕಿ, ಇಂಜಿನ್ ಓಡುತ್ತಿರುವಾಗಲೇ ಸಾಕೆಟ್ಟಿನ ಹಿಂಬದಿಯಿಂದ ಸೂಜಿ ತೂರಿಸಿ ಮೈನಸ್ ಪಿನ್ನಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಅಳೆದರು. 0.1 ವೋಲ್ಟ್. ಅಲ್ಲಿ 0.2ಕ್ಕಿಂತ ಜಾಸ್ತಿ ಬಂದರೆ ಅರ್ಥಿಂಗ್ ಮೇಲೆ ಸಂಶಯ ಪಡಬೇಕು ಎಂದರು. ಒಟ್ಟು ಬಿಲ್ 450 ರೂಪಾಯಿ. ಹತ್ತು ತಿಂಗಳಾಯಿತು, ಗಾಡಿ ಎಲ್ಲೂ ನಿಂತಿಲ್ಲ.

ಗ್ಯಾರೇಜಿನವರು ಬೇಕೆಂದೇ ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಮೀಟರ್ ಹಿಡಿಯಲು ಗೊತ್ತಿತ್ತು, ಲೋಡ್ ಹಾಕಿ, ಅಂದರೆ ಆ ಬಲ್ಬಿನ ಹಾಗೆ ಕರೆಂಟ್ ಎಳೆಯುವ ಒಂದನ್ನು ಸಿಕ್ಕಿಸಿ, ನೋಡಬೇಕೆಂದು ಗೊತ್ತಿರಲಿಲ್ಲ. ಆದರೆ ದುಡ್ಡು ಹೋದದ್ದು ನಮ್ಮದು, ರಸ್ತೆಯಲ್ಲಿ ಸಿಕ್ಕಿಬಿದ್ದದ್ದು ನಮ್ಮ ಅಮ್ಮ. ಹಾಗಾಗಿ "ಪಂಪ್ ಹೋಗಿದೆ" ಎಂದು ಯಾರಾದರೂ ಹೇಳಿದರೆ "ಲೋಡ್ ಹಾಕಿ ನೋಡಿದಿರಾ? ಅರ್ಥಿಂಗ್ ನೋಡಿದಿರಾ?" ಎಂದು ಕೇಳಿ. ಫ್ಯೂಸ್, ರಿಲೇ ನೋಡಲು ಐದು ನಿಮಿಷ ಸಾಕು. ಎಷ್ಟೋ ಗಾಡಿಗಳಲ್ಲಿ ಹಾರ್ನಿನ ರಿಲೇಯೂ ಅದೇ ನಮೂನೆಯದ್ದು ಇರುತ್ತದೆ, ಅದಲು ಬದಲು ಮಾಡಿ ನೋಡಬಹುದು. ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಇಲಿ ವಯರ್ ಕಡಿದಿದೆಯಾ ಎಂದೂ ನೋಡಿಸಿ. ಪಂಪ್ ನಿಜವಾಗಿ ಕೆಟ್ಟಿದ್ದರೆ ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆಗ ಹಳೆಯದನ್ನು ಕೈಗೆ ತೆಗೆದುಕೊಳ್ಳದೆ ಬಿಲ್ ಕೊಡಬೇಡಿ.

ಮತ್ತೆ, ಇವತ್ತೇ ಹಿಂದಿನ ಬಾಗಿಲು ತೆರೆದು ಕಾರ್ಪೆಟ್ ಮೂಲೆಯನ್ನು ಕೈಯಿಂದ ಒತ್ತಿ ನೋಡಿ. ಒದ್ದೆ ಇದ್ದರೆ ಒಂದು ತೆಂಗಿನ ಕಡ್ಡಿ ತೆಗೆದುಕೊಂಡು ಬಾಗಿಲಿನ ಅಡಿಯ ತೂತುಗಳ ಮಣ್ಣು ತೆಗೆಯಿರಿ. ಆಮೇಲೆ ಆ ಪಟ್ಟಿ ಎತ್ತಿಸಿ ಬೋಲ್ಟ್ ನೋಡಿಸಿ.