ಕಲ್ಲಿಕೋಟೆಗೆ ಹೊರಟಿದ್ದೀರಾ? ರೂಮಿಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ ಕಲ್ಲಿಕೋಟೆ ದೂರದ ಊರೇನಲ್ಲ. ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ, ತಲಶ್ಶೇರಿ ದಾಟಿ ಹೋದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಈ ಸಲ ಕಾಫಿ ಕುಯ್ಲು ಮುಗಿದು, ಕಣದಲ್ಲಿದ್ದದ್ದು ಚೀಲ ಸೇರಿದ ಮೇಲೆ ನಾವೂ ಹೊರಟೆವು. ನಾನು, ನಮ್ಮ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಏಪ್ರಿಲ್ ಎರಡನೇ ಶನಿವಾರ. ಅವತ್ತು ರಾತ್ರಿ ಏಳೂವರೆಗೆ ನಮ್ಮ 19,600 ರೂಪಾಯಿ ಹೋಗಿತ್ತು, ಮಲಗಲು ಜಾಗವೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಕಡೆಯಿಂದ ತುಂಬಾ ಜನ ಹೋಗುತ್ತಾರೆ. ಅದಕ್ಕೇ ಒಂದನ್ನೂ ಬಿಡದೆ ಬರೆಯುತ್ತಿದ್ದೇನೆ.

ಬೀಚ್ ಹತ್ತಿರ ಒಂದು ಲಾಡ್ಜ್ ಇದೆ, ಚೆನ್ನಾಗಿದೆ ಅಂತ ಯಾರೋ ಹೇಳಿದ್ದರು. ಬುಧವಾರ ಸಂಜೆ ಇವರು ಫೋನಿನ ಮ್ಯಾಪಿನಲ್ಲಿ ಅದರ ಹೆಸರು ಹುಡುಕಿದರು. ಫೋಟೋ ಇತ್ತು, ನೂರಾರು ಜನ ಬರೆದ ಒಳ್ಳೆಯ ಮಾತುಗಳಿದ್ದವು, ಕೆಳಗೆ ಫೋನ್ ನಂಬರ್ ಇತ್ತು. ಅದಕ್ಕೇ ಕರೆ ಮಾಡಿದರು. ನಾವು ತಪ್ಪಿದ್ದು ಅಲ್ಲೇ. ಲಾಡ್ಜ್ ನಿಜ, ಫೋಟೋ ನಿಜ, ಜನ ಬರೆದದ್ದೂ ನಿಜ. ಸುಳ್ಳು ಇದ್ದದ್ದು ಆ ನಂಬರ್ ಒಂದೇ. ಮ್ಯಾಪಿನಲ್ಲಿ ಅಂಗಡಿ, ಹೋಟೆಲುಗಳ ನಂಬರ್ ಬದಲಾಗಿದೆ ಅಂತ ಹೊರಗಿನವರು ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಕೆಲವು ಸಲ ಅದು ಹಾಗೇ ಒಪ್ಪಿಗೆಯಾಗಿ ಬಿಡುತ್ತದೆ. ನಮಗೆ ಇದು ಗೊತ್ತಿರಲಿಲ್ಲ.

ಇವರಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಕರೆ ತೆಗೆದವನ ಹತ್ತಿರ ಮಲಯಾಳದಲ್ಲೇ "ಎರಡು ರೂಮ್ ಬೇಕು" ಅಂದರು. ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. ಇವರು ಮತ್ತೆ ಮಲಯಾಳದಲ್ಲಿ ಕೇಳಿದರು. ಅವನು ಮತ್ತೆ ಹಿಂದಿಯಲ್ಲೇ, "ಸಾರ್, ನಾನು ಹೆಡ್ ಆಫೀಸಿನಿಂದ ಮಾತಾಡೋದು" ಅಂದ. ಅಡುಗೆಮನೆಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಕಲ್ಲಿಕೋಟೆಯ ಲಾಡ್ಜಿನಲ್ಲಿ ಒಬ್ಬನಿಗೂ ಮಲಯಾಳ ಬರುವುದಿಲ್ವಾ ಅಂತ ಮನಸ್ಸಿಗೆ ಬಂತು. ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

ಎರಡು ರೂಮು, ಎರಡು ರಾತ್ರಿ, 9,600. ಅರ್ಧ, ಅಂದರೆ 4,800 ಅಡ್ವಾನ್ಸ್. ವಾಟ್ಸಾಪಿನಲ್ಲಿ ರೂಮಿನ ಫೋಟೋ ಬಂತು, ಲಾಡ್ಜಿನ ಹೆಸರಿದ್ದ ಬಿಲ್ ಬಂತು, ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿದಾಗ ಲಾಡ್ಜಿನ ಹೆಸರು ಬರಲಿಲ್ಲ. ಯಾರೋ ಒಬ್ಬನ ಹೆಸರು ಬಂತು. ಕೇಳಿದ್ದಕ್ಕೆ "ಅವರು ನಮ್ಮ ಅಕೌಂಟೆಂಟ್" ಅಂದ. ಇವರು ಕಳಿಸಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಕರೆ. ವಿಷು ಹತ್ತಿರ ಬಂದಿದೆ, ತುಂಬಾ ರಶ್ ಇದೆ, 5,000 ಡೆಪಾಸಿಟ್ ಕಟ್ಟಿದರೆ ಮಾತ್ರ ರೂಮ್ ಖಾತ್ರಿ, ಬಂದ ಕೂಡಲೇ ವಾಪಸ್ ಕೊಡುತ್ತೇವೆ ಅಂತ. ಅದನ್ನೂ ಕಳಿಸಿದರು. ಒಟ್ಟು 9,800.

ಶನಿವಾರ ದಾರಿಯೇನೋ ಖುಷಿಯಾಗೇ ಇತ್ತು. ತಲಶ್ಶೇರಿಯಲ್ಲಿ ಕೈಮ ಅಕ್ಕಿಯ ಬಿರಿಯಾನಿ ತಿಂದೆವು. ಅಕ್ಕಿ ಸಣ್ಣದು, ಘಮ ಜಾಸ್ತಿ. ಬಿಸಿಲು ಇಳಿಯಲಿ ಅಂತ ಸುಮಾರು ಹೊತ್ತು ಅಲ್ಲೇ ಕಳೆದು, ಕಲ್ಲಿಕೋಟೆ ಮುಟ್ಟಿದಾಗ ಏಳು ಗಂಟೆ.

ಕೌಂಟರಿನಲ್ಲಿದ್ದ ಹುಡುಗ ರಿಜಿಸ್ಟರ್ ನಮ್ಮ ಕಡೆಗೇ ತಿರುಗಿಸಿದ. ಬೆರಳಿಟ್ಟು ಒಂದೊಂದೇ ಹೆಸರು ತೋರಿಸಿದ. ನಮ್ಮದಿಲ್ಲ. ಬಿಲ್ ನೋಡಿ, "ಇದು ನಮ್ಮದಲ್ಲ ಚೇಟಾ" ಅಂದ. ಎದ್ದು ಹೊರಗೆ ಬಂದು ಗೇಟಿನ ಬೋರ್ಡ್ ತೋರಿಸಿದ. ಅದರಲ್ಲಿದ್ದ ನಂಬರ್ ಬೇರೆ. ಹೀಗೆ ಬಂದವರಲ್ಲಿ ಆ ತಿಂಗಳು ನಾವು ಮೂರನೆಯ ಮನೆಯವರಂತೆ.

ಇನ್ನೂ ಕೆಟ್ಟದ್ದು ಆದದ್ದು ಆಮೇಲೆ. ಇವರು ಗೇಟಿನ ಹತ್ತಿರ ನಿಂತು ಆ ಹಳೇ ನಂಬರಿಗೆ ಕರೆ ಮಾಡಿದರು. ಅವನು ತೆಗೆದ! ತುಂಬಾ ಮರ್ಯಾದೆಯಿಂದ ಮಾತಾಡಿದ. ಡಬಲ್ ಬುಕಿಂಗ್ ಆಗಿದೆ, ಕ್ಷಮಿಸಿ, ಈಗಲೇ ದುಡ್ಡು ವಾಪಸ್ ಹಾಕುತ್ತೇನೆ, ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ 9,800 ಅಂತ ಹೊಡೆಯಿರಿ ಅಂದ. ಅಲ್ಲಿ ಸೆಕೆಗೆ ಬೆವರು ಇಳಿಯುತ್ತಿತ್ತು. ಕಾರಿನಲ್ಲಿ ಚಿಕ್ಕವನು ಅಳುತ್ತಿದ್ದ. ಅತ್ತೆ "ಏನಾಯ್ತಮ್ಮ, ಏನಾಯ್ತು" ಅಂತ ಕೇಳುತ್ತಲೇ ಇದ್ದರು. ಇವರು ಪಿನ್ ಒತ್ತಿದರು. ಇನ್ನೊಂದು 9,800 ಹೋಯಿತು.

ದಯವಿಟ್ಟು ಇದೊಂದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ನಮಗೆ ದುಡ್ಡು ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಬ್ಯಾಲೆನ್ಸ್ ನೋಡುವಾಗ ಬಿಟ್ಟರೆ, ಯುಪಿಐ ಪಿನ್ ಕೇಳಿತು ಅಂದರೆ ದುಡ್ಡು ನಮ್ಮಿಂದ ಹೋಗುತ್ತಿದೆ ಅಂತಲೇ ಅರ್ಥ. ನಮ್ಮ ಯಜಮಾನರು ಡಿಗ್ರಿ ಓದಿದವರು, ತೋಟದ ಆಳುಗಳ ಸಂಬಳವನ್ನೆಲ್ಲ ಫೋನಿನಲ್ಲೇ ಹಾಕುವವರು. ಅವರಿಗೂ ಇದು ಗೊತ್ತಿತ್ತು. ಆದರೆ ಮಕ್ಕಳು ಬೀದಿಯಲ್ಲಿ ನಿಂತಿರುವಾಗ ಗೊತ್ತಿದ್ದದ್ದೂ ನೆನಪಾಗುವುದಿಲ್ಲ. ಆ ಕಳ್ಳರು ನೆಚ್ಚಿಕೊಂಡಿರುವುದೇ ಆ ಗಾಬರಿಯನ್ನು.

ಎರಡನೇ ಶನಿವಾರ, ಬ್ಯಾಂಕ್ ಇಲ್ಲ. 1930ಕ್ಕೆ ಕರೆ ಮಾಡಿ ಅಂತ ಹೇಳಿದ್ದು ಕೌಂಟರಿನ ಹುಡುಗನೇ. ಸೈಬರ್ ಮೋಸಕ್ಕೆಂದೇ ಇರುವ ನಂಬರ್ ಅದು. ಯಾವ ಊರಿನಲ್ಲಿದ್ದರೂ ಮಾಡಬಹುದು. ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ಯಾವ ಬ್ಯಾಂಕ್ ಅಂತ ಕೇಳಿದರು. ಪ್ರತಿ ಪೇಮೆಂಟಿಗೂ ಬೇರೆ ಬೇರೆ ಇರುವ ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಕೇಳಿದರು. ಪೇಮೆಂಟ್ ವಿವರ ತೆರೆದರೆ ಅದು ಸಿಗುತ್ತದೆ. ಬೇಗ ಹೇಳಿದಷ್ಟೂ ಒಳ್ಳೆಯದು, ಕಳ್ಳ ದುಡ್ಡನ್ನು ಮುಂದಿನ ಖಾತೆಗೆ ದಾಟಿಸುವ ಮುಂಚೆ ತಡೆಯಬಹುದು. ನಾವು ಇಪ್ಪತ್ತು ನಿಮಿಷದೊಳಗೆ ಹೇಳಿದ್ದರಿಂದ ಕೊನೆಯ 9,800 ಅವನ ಖಾತೆಯಲ್ಲೇ ನಿಂತಿದೆ ಅಂತ ಆಮೇಲೆ ತಿಳಿಯಿತು. ಇನ್ನೂ ಕೈಗೆ ಬಂದಿಲ್ಲ. ಬುಧವಾರ ಕೊಟ್ಟಿದ್ದರ ಆಸೆ ಬಿಟ್ಟಿದ್ದೇವೆ. ಊರಿಗೆ ಬಂದು ಸೈಬರ್ ಅಪರಾಧ ನೋಡಿಕೊಳ್ಳುವ ಮಡಿಕೇರಿಯ ಸೆನ್ ಪೊಲೀಸ್ ಠಾಣೆಯಲ್ಲೂ ವಿಚಾರಿಸಿದೆವು. ಚಾಟ್ ಅಳಿಸಬೇಡಿ, ಆ ನಂಬರ್ ಬ್ಲಾಕ್ ಮಾಡುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ ಅಂದರು. ಇವರು ಸಿಟ್ಟಿನಲ್ಲಿ ಅರ್ಧ ಅಳಿಸಿಬಿಟ್ಟಿದ್ದರು.

ಕಲ್ಲಿಕೋಟೆಯ ಮೇಲೆ ನನಗೆ ಏನೂ ಬೇಸರವಿಲ್ಲ. ಆ ಹುಡುಗ ಅತ್ತೆಯನ್ನು ಒಳಗೆ ಫ್ಯಾನ್ ಕೆಳಗೆ ಕೂರಿಸಿ ನೀರು ಕೊಟ್ಟ. ನಾಲ್ಕೈದು ಕಡೆ ತಾನೇ ಫೋನ್ ಮಾಡಿ, ರೈಲ್ವೇ ಸ್ಟೇಷನ್ ಹತ್ತಿರ ಒಂದು ರೂಮ್ ಹಿಡಿದುಕೊಟ್ಟ. ಐದು ಜನ ಒಂದೇ ರೂಮಿನಲ್ಲಿ ಮಲಗಿದೆವು. ಭಾನುವಾರ ಬೆಳಿಗ್ಗೆ ಪುಟ್ಟು, ಕಡಲೆ ಸಾರು. ಮಿಠಾಯಿ ತೆರುವಿನಲ್ಲಿ ವಿಷು ಜನಜಂಗುಳಿ, ಗಾಜಿನ ಹಿಂದೆ ಕೆಂಪು, ಹಸಿರು, ಕಪ್ಪು ಹಲ್ವದ ಗಟ್ಟಿಗಳು, ಕೊಬ್ಬರಿ ಎಣ್ಣೆಯಲ್ಲಿ ಬಾಳೆಕಾಯಿ ಚಿಪ್ಸ್ ಕರಿಯುವ ವಾಸನೆ. ಸಂಜೆ ಬೀಚಿನಲ್ಲಿ ಉಪ್ಪುನೀರಿನಲ್ಲಿ ನೆನೆಸಿಟ್ಟ ನೆಲ್ಲಿಕಾಯಿ, ಅನಾನಸು, ಮಾವಿನಕಾಯಿ. ಮಗಳು ಅಕ್ಕಿಹಿಟ್ಟು ತುಂಬಿದ ಕಲ್ಲುಮ್ಮಕ್ಕಾಯ ಅನ್ನುವ ಚಿಪ್ಪುಮೀನು ಎರಡು ಪ್ಲೇಟು ತಿಂದಳು. ಇವರು ಮಾತ್ರ ಸುಲೈಮಾನಿ ಚಹಾ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಸೋಮವಾರದವರೆಗೆ ಇರಬೇಕಿತ್ತು, ಭಾನುವಾರ ರಾತ್ರಿಯೇ ಹೊರಟು ಬಂದೆವು.

ಇದು ಕಲ್ಲಿಕೋಟೆಯಲ್ಲಿ ಮಾತ್ರ ನಡೆಯುವುದೂ ಅಲ್ಲ. ನಮ್ಮ ಪಕ್ಕದ ತೋಟದವರು ಹೋಂಸ್ಟೇ ನಡೆಸುತ್ತಾರೆ. ಕಳೆದ ಕ್ರಿಸ್ಮಸ್ ರಜೆಯಲ್ಲಿ ಬೆಂಗಳೂರಿನ ಒಂದು ಕುಟುಂಬ ರಾತ್ರಿ ಒಂಬತ್ತಕ್ಕೆ ಅವರ ಗೇಟಿಗೆ ಬಂದಿತ್ತು. ಆ ಹೋಂಸ್ಟೇಯದ್ದೇ ಫೋಟೋ ತೋರಿಸಿ ಯಾರೋ ದುಡ್ಡು ತೆಗೆದುಕೊಂಡಿದ್ದ. ನಮ್ಮಲ್ಲಿ ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಬರುವ ನೆಂಟರಿಷ್ಟರಿಗೆ ನೋಂದಣಿ ಸಂಖ್ಯೆ ಕೇಳಿಕೊಂಡು ದುಡ್ಡು ಹಾಕಿ ಅಂತ ಹೇಳಿ.

ಇನ್ನು ಮುಂದೆ ನಾವು ಮ್ಯಾಪಿನ ನಂಬರ್ ಒಂದನ್ನೇ ನಂಬುವುದಿಲ್ಲ. ಲಾಡ್ಜಿನ ಸ್ವಂತ ವೆಬ್‌ಸೈಟಿನಲ್ಲಿ ಅದೇ ನಂಬರ್ ಇದೆಯಾ ಅಂತ ನೋಡುತ್ತೇವೆ. ಅಲ್ಲಿಗೆ ಹೋದ ಮೇಲೆ ದುಡ್ಡು ಕೊಡುವ ಹಾಗಿದ್ದರೆ ಅದನ್ನೇ ಆರಿಸುತ್ತೇವೆ. ಸ್ಕ್ಯಾನ್ ಮಾಡಿದಾಗ ಬೇರೆಯವರ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಅದೆಲ್ಲ ಬಿಡಿ, ವಿರಾಜಪೇಟೆ ಪೇಟೆಯಲ್ಲಿ ಎಷ್ಟು ಅಂಗಡಿಯವರಿಗೆ ಆ ಕಡೆ ನೆಂಟರಿದ್ದಾರೆ! ದಿನಾ ಸಾಮಾನು ತರುವಾಗ ಒಂದು ಮಾತು ಕೇಳಿದ್ದರೂ ಸಾಕಿತ್ತು.

ಆ ನಂಬರ್ ತಪ್ಪು ಅಂತ ನಾನೂ ವರದಿ ಕಳಿಸಿದೆ, ಲಾಡ್ಜಿನವರೂ ಕಳಿಸಿದ್ದಾರಂತೆ. ಇವತ್ತು ಬೆಳಿಗ್ಗೆ ಮತ್ತೆ ತೆರೆದು ನೋಡಿದೆ. ಲಾಡ್ಜಿನ ಹೆಸರಿನ ಕೆಳಗೆ ಇನ್ನೂ ಅದೇ ನಂಬರ್ ಇದೆ.