ಶಟಲ್‌ನ ನಾಲ್ಕನೆಯವ, ನಮ್ಮ ಓಣಿಯ ವಾಲಿಬಾಲ್

ನಡುವಯಸ್ಸಿನಲ್ಲಿ ಮೈ ಬಗ್ಗಿಸೋಕೆ ಯಾವುದು ಒಳ್ಳೆಯದು, ವಾಕಿಂಗೋ, ಶಟಲ್ಲೋ, ವಾಲಿಬಾಲೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಲಿಬಾಲ್‌ಗೆ. ನಮ್ಮ ಮನೆಯ ಅಟ್ಟದ ಮೇಲೆ 3,600 ರೂಪಾಯಿಯ ಶಟಲ್ ರ‍್ಯಾಕೆಟ್ ಚೀಲದ ಸಮೇತ ಮಲಗಿದೆ. ಪಕ್ಕದಲ್ಲಿ 2,100 ರೂಪಾಯಿಯ ಒಂದು ಜೊತೆ ಬೂಟು. ಒಳಾಂಗಣದ ಕೋರ್ಟಿಗೆ ಕಲೆ ಬೀಳಬಾರದು ಅಂತ ಗಮ್ ಸೋಲ್, ಅಂದರೆ ರಬ್ಬರ್ ಅಟ್ಟೆಯದೇ ಬೇಕು ಅಂದರು, ಕೊಂಡೆ. ಹೊರಗಿನ ಮಣ್ಣು ಕಾಣದ ಬೂಟು ಅದು, ಇನ್ನೂ ಹೊಸದರಂತೆ ಹೊಳೆಯುತ್ತದೆ. ಇವೆರಡೂ ಅಟ್ಟ ಹತ್ತಿದ ಕಥೆಯೇ ಇಲ್ಲಿ ಜಾಸ್ತಿ.

ನನಗೆ 46. ಲೆಕ್ಕಪತ್ರದ ಕೆಲಸ, ದಿನಕ್ಕೆ ಒಂಬತ್ತು ತಾಸು ಕುರ್ಚಿ. ಮನೆ ನವನಗರದ ಹತ್ತಿರ, ಈ ಕಡೆ ಹುಬ್ಬಳ್ಳಿ, ಆ ಕಡೆ ಧಾರವಾಡ. ಕಳೆದ ವರ್ಷ ರಕ್ತ ತಪಾಸಣೆಯಲ್ಲಿ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. "ಗುಳಿಗಿ ಈಗ್ಲೇ ಬ್ಯಾಡ್ರಿ. ಮೂರು ತಿಂಗಳು ಮೈ ಬಗ್ಗಿಸ್ರಿ, ಆಮ್ಯಾಲೆ ನೋಡೂಣು" ಅಂದರು ಡಾಕ್ಟರು. ಮೂರು ತಿಂಗಳು ಯಾಕೆ ಅಂದರೆ, ಆ ತಪಾಸಣೆ ತೋರಿಸುವುದೇ ಸುಮಾರು ಮೂರು ತಿಂಗಳ ಸರಾಸರಿಯನ್ನ. ಹಿಂದಿನ ದಿನ ಉಪವಾಸ ಮಾಡಿ ಅದನ್ನು ಯಾಮಾರಿಸೋಕೆ ಆಗಲ್ಲ.

ಜಿಮ್ ಬಗ್ಗೆ ಒಂದೇ ಸಾಲು: ವರ್ಷದ ಫೀಸು ಕಟ್ಟಿ 19 ದಿನ ಹೋದೆ.

ವಾಕಿಂಗ್ ಮಾತ್ರ ಬೈಯುವ ಹಾಗಿಲ್ಲ. ಉಣಕಲ್ ಕೆರೆಯ ದಂಡೆ ಮೇಲೆ ಬೆಳಗಿನ ಆರಕ್ಕೆ ನಡೆದರೆ ಮನಸ್ಸು ಹಗುರ ಆಗೋದು ನಿಜ. ಭಾನುವಾರ ನೃಪತುಂಗ ಬೆಟ್ಟ ಹತ್ತಿದರೆ ಊರೆಲ್ಲ ಕಾಣುತ್ತದೆ. ಆದರೆ ನಾನು ಒಬ್ಬನೇ ನಡೆಯುವ ಜಾತಿ ಅಲ್ಲ. ಒಬ್ಬನೇ ಇದ್ದರೆ ಮಳೆ ಬಂದರೂ ರಜೆ, ಮೋಡ ಕವಿದರೂ ರಜೆ. ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋದೆ. ನಡಿಗೆ ಮಾತಾಯಿತು, ಮಾತು ಚಹಾ ಆಯಿತು, ಚಹಾದ ಜೊತೆ ಮಿರ್ಚಿ ಬಂತು. ತಿಂಗಳ ಕೊನೆಗೆ ತೂಕ ನೋಡಿದರೆ ಅರ್ಧ ಕಿಲೋ ಏರಿತ್ತು! ಧಾರವಾಡದ ನನ್ನ ಷಡ್ಡಕ ಹನ್ನೆರಡು ವರ್ಷದಿಂದ ಸಾಧನಕೇರಿ ಕಡೆ ಒಬ್ಬನೇ ನಡೆಯುತ್ತಾನೆ, ಕಡ್ಡಿ ಹಂಗೆ ಇದ್ದಾನೆ. ಅವನ ಸ್ವಭಾವ ಬೇರೆ.

ಅದಕ್ಕೇ ಶಟಲ್. ನಾಲ್ಕು ಜನ ಸೇರಿದರೆ ಒಬ್ಬರಿಗೊಬ್ಬರು ಎಳೆದುಕೊಂಡು ಹೋಗುತ್ತೇವೆ ಅಂತ ಲೆಕ್ಕ. ಒಂದು ಒಳಾಂಗಣದ ಕೋರ್ಟಿನಲ್ಲಿ ಬೆಳಿಗ್ಗೆ 6ರಿಂದ 7ರ ತಾಸು ಹಿಡಿದೆವು. ತಿಂಗಳಿಗೆ 6,000, ಮುಂಗಡ. ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ.

ಆಟದ ಮೇಲೆ ನನಗೆ ಏನೂ ಸಿಟ್ಟಿಲ್ಲ. ಹತ್ತೇ ನಿಮಿಷಕ್ಕೆ ಬನಿಯನ್ ಹಿಂಡುವಷ್ಟು ಬೆವರು. ಅಷ್ಟು ಬೆವರು ವಾಲಿಬಾಲ್‌ನಲ್ಲಿ ಬರಲ್ಲ, ಒಪ್ಪುತ್ತೇನೆ. ಬಿಸಿಲಿಲ್ಲ, ಧೂಳಿಲ್ಲ, ಮಳೆಗಾಲದ ಚಿಂತೆಯೂ ಇಲ್ಲ. ತೊಂದರೆ ಒಂದೇ. ಅದು ನಮ್ಮ ನಾಲ್ಕನೆಯವ.

ಹೆಸರು ಬೇಡ. ಒಳ್ಳೆಯ ಮನುಷ್ಯ, ಇವತ್ತಿಗೂ ಗೆಳೆಯ. ರಾತ್ರಿ ಒಂಬತ್ತಕ್ಕೆ ನಾನು ವಾಟ್ಸಾಪ್‌ನಲ್ಲಿ "ನಾಳೆ?" ಅಂತ ಹಾಕುತ್ತಿದ್ದೆ. ಮೂರು ಹೆಬ್ಬೆಟ್ಟು ಬರುತ್ತಿದ್ದವು, ಅದರಲ್ಲಿ ಮೊದಲ ಹೆಬ್ಬೆಟ್ಟು ಅವನದೇ. ಬೆಳಿಗ್ಗೆ 5.50ಕ್ಕೆ ನಾನು ಗಾಡಿ ಕಿಕ್ ಹೊಡೆಯುವಾಗ ಫೋನು. "ಯಾಕೋ ಗಂಟಲಾ ಕೆರೀಲಿಕತ್ತೈತಿ ಮಾರಾಯಾ, ಇವತ್ತೊಂದಿನ ನೀವ್ ಆಡ್ರಿ." ಮರುದಿನ ಬೀಗರು ಬಂದಿರುತ್ತಾರೆ. ಅದರ ಮರುದಿನ ನೀರು ಬರುವ ದಿನ. ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ, ನೀರು ಬರುವ ದಿನ ಅಂದರೆ ಎದುರು ಮಾತಾಡೋ ಹಾಗಿಲ್ಲ.

ಮೂರು ಜನ ಶಟಲ್ ಆಡಿ ನೋಡಿದ್ದೀರಾ? ಅದಕ್ಕೊಂದು ಹದವೇ ಇಲ್ಲ. ಇಬ್ಬರು ಒಂದು ಕಡೆ, ಒಬ್ಬ ಒಂದು ಕಡೆ ನಿಂತರೆ ಆ ಒಬ್ಬನ ಹೆಣ ಬೀಳುತ್ತದೆ. ಇಬ್ಬರು ಸಿಂಗಲ್ಸ್ ಆಡಿದರೆ ಮೂರನೆಯವ ಗೋಡೆಗೆ ಒರಗಿ ಮೊಬೈಲ್ ನೋಡುತ್ತಾನೆ. ಸಿಂಗಲ್ಸ್ ಅಂದರೆ ಕೋರ್ಟಿನ ಅಗಲ ಬರೀ 92 ಸೆಂಟಿಮೀಟರ್ ಕಡಿಮೆ ಆಗುತ್ತದೆ, 6.10 ಮೀಟರಿನಿಂದ 5.18ಕ್ಕೆ. ಓಡುವವರು ಮಾತ್ರ ಅರ್ಧಕ್ಕೆ ಅರ್ಧ ಕಡಿಮೆ. 46ರ ಮೊಣಕಾಲಿಗೆ ಈ ಗಣಿತ ಬೇಗ ಅರ್ಥ ಆಗುತ್ತದೆ. ಎರಡನೆಯ ತಿಂಗಳು ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಎಂಟು ದಿನ ಆಫೀಸಿನ ಮೆಟ್ಟಿಲನ್ನು ಒಂದೊಂದೇ ಹತ್ತಿದೆ. ಆ ಎಂಟು ದಿನ ನಾಲ್ಕನೆಯವ ಬಂದಿದ್ದ ಅಂತ ಆಮೇಲೆ ಗೊತ್ತಾಯಿತು. ನಾನಿಲ್ಲದೆ ಮತ್ತೆ ಮೂವರೇ!

ಬದಲಿ ಹುಡುಕಿದೆವು. ಪಕ್ಕದ ಬೀದಿಯ ಕಾಲೇಜು ಹುಡುಗ ಸಿಕ್ಕ. ಬಹಳ ಚೆನ್ನಾಗಿ ಆಡುತ್ತಿದ್ದ, ಅದೇ ಕಷ್ಟ. "ಕಾಕಾ, ರೆಡಿ ಏನ್ರೀ?" ಅಂತ ಕೇಳಿಯೇ ಸ್ಮ್ಯಾಷ್ ಹೊಡೆಯುತ್ತಿದ್ದ. ಕೇಳಿ ಏನು ಪ್ರಯೋಜನ, ನಾನು ರ‍್ಯಾಕೆಟ್ ಎತ್ತುವುದರೊಳಗೆ ಶಟಲ್ ನನ್ನ ಹಿಂದಿನ ಗೋಡೆಯಲ್ಲಿರುತ್ತಿತ್ತು. ನಾಲ್ಕು ದಿನಕ್ಕೆ ಅವನಿಗೂ ಬೇಸರ ಆಯಿತು, ನಮಗೂ ಆಯಿತು.

ದುಡ್ಡಿನ ವಿಷಯ ಇನ್ನೂ ಕಿರಿಕಿರಿ. ಮೊದಲ ತಿಂಗಳು ತಲೆಗೆ 1,500 ಹಾಕಿದೆವು. ಎರಡನೆಯ ತಿಂಗಳು ನಾಲ್ಕನೆಯವ, "ನಾ ಆಡಿದಷ್ಟ್ ದಿನಕ್ಕ ಕೊಡ್ತೀನಲ್ಲಪಾ" ಅಂದ. ನ್ಯಾಯದ ಮಾತೇ. ಆದರೆ ಕೋರ್ಟಿನವನಿಗೆ ಆ ನ್ಯಾಯ ನಡೆಯಲ್ಲ. ಉಳಿದ ದುಡ್ಡು ನಮ್ಮ ಮೂವರ ಮೇಲೆ ಬಂತು. ಗೆಳೆತನದಲ್ಲಿ ನೂರಿನ್ನೂರಕ್ಕೆ ಬಾಯಿ ಬಿಡೋಕೆ ಆಗುತ್ತಾ? ಆಗಲ್ಲ. ಸುಮ್ನೆ ಕೊಟ್ಟೆವು, ಒಳಗೊಳಗೇ ಲೆಕ್ಕ ಹಾಕಿದೆವು.

ಇನ್ನು ಪುಕ್ಕದ ಶಟಲ್. ಒಂದರಲ್ಲಿ 16 ಗರಿ, ಇಡೀ ಶಟಲ್‌ನ ತೂಕ ಐದು ಗ್ರಾಂನ ಆಸುಪಾಸು. ಒಂದು ಗರಿ ಮುರಿದರೆ ಸಾಕು, ಕುಡಿದವನ ಹಾಗೆ ವಾಲಾಡುತ್ತದೆ. ನಮ್ಮಂಥ ಕಲಿಯುವವರು ಜಾಲರಿಗಿಂತ ಚೌಕಟ್ಟಿಗೇ ಜಾಸ್ತಿ ಹೊಡೆಯುವವರು, ದಿನಕ್ಕೆ ಎರಡು ಶಟಲ್ ಪಡ್ಚ. ಮಾರ್ಚಿನಲ್ಲಂತೂ ಗಾಳಿ ಒಣಗಿ ಗರಿ ಕಡ್ಡಿಯಂತೆ ಮುರಿಯುತ್ತಿತ್ತು. ಉಗಿ ಹಿಡಿದರೆ ಗರಿ ಮೆತ್ತಗಾಗಿ ಬಾಳಿಕೆ ಬರುತ್ತದೆ ಅಂತ ಯಾರೋ ಹೇಳಿದರು. ಅದು ನಿಜವೂ ಹೌದು. ನಾನು ರಾತ್ರಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಡಬ್ಬಿಯ ಎರಡೂ ಮುಚ್ಚಳ ತೆಗೆದು ಉಗಿಗೆ ಹಿಡಿದೆ. ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ಹೆಂಡತಿ ನೀರು ಕುಡಿಯೋಕೆ ಎದ್ದು ಬಂದಳು.

"ಏನ್ರೀ ಅದು?"

"ಶಟಲ್."

"ಎದರ್ದು ಅದು ಪುಚ್ಚ?"

"ಬಾತುಕೋಳೀದು."

ಆ ಪಾತ್ರೆ ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿನ ಹೊರಗಿತ್ತು. ಹೊಸದಕ್ಕೆ 1,350 ರೂಪಾಯಿ. ಇದನ್ನು ಶಟಲ್ ಖರ್ಚಿಗೆ ಸೇರಿಸಬೇಕೋ ಬೇಡವೋ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಆಮೇಲೆ ನೈಲಾನ್ ಶಟಲ್ ತಂದೆವು. ಮೊದಲೇ ತರಬೇಕಿತ್ತು. ಹೊಸಬರಿಗೆ ಅದೇ ಸಾಕು.

ಪಾತ್ರೆ ಬಿಟ್ಟು ಲೆಕ್ಕ ಹೇಳುತ್ತೇನೆ. ರ‍್ಯಾಕೆಟ್, ಬೂಟು, ಮೂರು ತಿಂಗಳ ನನ್ನ ಪಾಲಿನ ಕೋರ್ಟು 5,100, ಶಟಲ್ 1,200. ಒಟ್ಟು 12,000. ಸೋಮವಾರದಿಂದ ಶನಿವಾರ, ಮೂರು ತಿಂಗಳಿಗೆ 78 ದಿನ ಹಿಡಿದಿದ್ದೆವು. ನಾಲ್ವರೂ ಸೇರಿ ಸರಿಯಾಗಿ ಆಡಿದ್ದು 30 ದಿನ. ಒಂದು ಬೆಳಗಿಗೆ 400 ರೂಪಾಯಿ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಮೈ ಆಡಿಸಿ ಅಂತ. ನಮ್ಮದು ಕಾಗದದ ಮೇಲೆ 360 ನಿಮಿಷ, ನಿಜದಲ್ಲಿ 140ರ ಹತ್ತಿರ. ಎಚ್‌ಬಿಎ1ಸಿ 6.2 ಇದ್ದದ್ದು 6.1 ಆಯಿತು.

ವಾಲಿಬಾಲ್ ಶುರುವಾಗಿದ್ದು ಯೋಜನೆ ಮಾಡಿ ಅಲ್ಲ. ನಮ್ಮ ಓಣಿಯ ಮೂಲೆಯಲ್ಲಿ ಎರಡು ಖಾಲಿ ಸೈಟು. ಮಾಲೀಕರು ಬೇರೆ ಊರಲ್ಲಿದ್ದಾರೆ. ಫೋನ್ ಮಾಡಿ ಕೇಳಿದೆವು. "ಕಸಾ ಬೀಳೂದ್ ತಪ್ಪತೈತಿ, ಆಡ್ರಿ" ಅಂದರು. ಮೊದಲು ಹಿರಿಯರೊಬ್ಬರು ಆಟ್ಯಾಪಾಟ್ಯಾ ಆಡೋಣ ಅಂದರು. ನೆಲದ ಮೇಲೆ ಗೆರೆ ಎಳೆದರೆ ಮುಗೀತು, ಖರ್ಚಿಲ್ಲ. ಗೆರೆ ಕಾಯುವವನ ಕೈಗೆ ಸಿಗದೆ ದಾಟಬೇಕು, ಗಕ್ಕನೆ ತಿರುಗಬೇಕು. ಮರುದಿನ ಮೂವರು ಸೊಂಟ ಹಿಡಿದುಕೊಂಡು ಹಾಲಿನ ಅಂಗಡಿಗೆ ಬಂದರು. ಅದು ಹುಡುಗರಿಗೆ ಇರಲಿ.

ಚೆಂಡು 850, ನೆಟ್ 900. ಗೋಕುಲ ರಸ್ತೆಯ ಕಡೆಯಿಂದ ಹಳೆಯ ಎರಡು ಪೈಪು ತಂದು, ಕೊಕ್ಕೆ ವೆಲ್ಡಿಂಗ್ ಮಾಡಿಸಿದ್ದು ಸೇರಿ 1,400. ನಮ್ಮದು ಎರೆ ಮಣ್ಣು. ಮಳೆ ಬಿದ್ದರೆ ಚಪ್ಪಲಿಗೆ ಕಿಲೋಗಟ್ಟಲೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಕಾಲು ಸಿಕ್ಕಿಸುತ್ತದೆ. ಅದರ ಮೇಲೆ ಒಂದು ಟ್ರೇಲಿ ಗರಸು, ಅಂದರೆ ಜಲ್ಲಿಮಣ್ಣು, ಹಾಕಿಸಿದೆವು, 2,200. ಎಲ್ಲಾ ಸೇರಿ 5,350. ಹದಿನಾಲ್ಕು ಜನಕ್ಕೆ ಹಂಚಿದರೆ ತಲೆಗೆ 382. ನನ್ನ ಶಟಲ್‌ನ ಒಂದು ಬೆಳಗಿಗಿಂತ ಕಡಿಮೆ!

ಈ ಆಟ ಹುಟ್ಟಿದ್ದೇ ನಮ್ಮಂಥವರಿಗೆ ಅಂತ ಆಮೇಲೆ ಓದಿದೆ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ಅನ್ನುವವರು ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಿಗಳಿಗೆ, ನಾಲ್ಕು ವರ್ಷ ಮೊದಲು ಹುಟ್ಟಿದ್ದ ಬಾಸ್ಕೆಟ್‌ಬಾಲ್ ವಿಪರೀತ ದಣಿವಾಗುತ್ತಿತ್ತು. ಅವರಿಗಂತ ಟೆನಿಸ್ ನೆಟ್ಟನ್ನು ತಲೆಗಿಂತ ಸ್ವಲ್ಪ ಮೇಲೆ ಕಟ್ಟಿ ಈ ಆಟ ಮಾಡಿದರು. ಹೊಟ್ಟೆ ಬಂದ ವ್ಯಾಪಾರಿಗಳ ಆಟ. ನಾನು ಆ ಕೂಟಕ್ಕೆ ಸರಿಯಾಗಿ ಹೊಂದುತ್ತೇನೆ.

ನಮ್ಮಲ್ಲಿ 19ರ ಹುಡುಗನಿಂದ 63ರ ನಿವೃತ್ತ ಮಾಸ್ತರರವರೆಗೆ ಎಲ್ಲರೂ ಇದ್ದಾರೆ. ಮಾಸ್ತರರು ಕೆಳಗಿನಿಂದ ಕೈ ಬೀಸಿ ಸರ್ವಿಸ್ ಮಾಡುತ್ತಾರೆ. ನೋಡೋಕೆ ಮಕ್ಕಳ ಆಟ, ಆದರೆ ಚೆಂಡು ಪ್ರತಿ ಸಲ ಇಬ್ಬರ ನಡುವಿನ ಸಂದಿಗೇ ಬೀಳುತ್ತದೆ. "ನಿಂದು", "ನಿಂದು" ಅಂತ ಇಬ್ಬರೂ ನಿಂತು ನೋಡುತ್ತಾರೆ. ಹಾರಿ ಹೊಡೆಯೋದು ಹುಡುಗರ ಕೆಲಸ. ನಾನು ಹಿಂದೆ ನಿಂತು ಮುಂಗೈ ಜೋಡಿಸಿ ಎತ್ತಿಕೊಡುತ್ತೇನೆ. ಮೊದಲ ವಾರ ಎರಡೂ ಮುಂಗೈ ಕೆಂಪಗಾಗಿ, ಆಫೀಸಿನಲ್ಲಿ ಉದ್ದ ತೋಳಿನ ಅಂಗಿ ಹಾಕಿದ್ದೆ. ಈಗ ಚರ್ಮ ಗಟ್ಟಿಯಾಗಿದೆ. ಗಂಡಸರ ಆಟಕ್ಕೆ ನೆಟ್ 2.43 ಮೀಟರ್ ಎತ್ತರ ಇರಬೇಕು. ನಾವು ಕಟ್ಟುವುದು 2.24ಕ್ಕೆ, ಅದು ಹೆಂಗಸರ ಅಳತೆ. ಹೊರಗಿನವರು ಬಂದರೆ ಈ ವಿಷಯ ಎತ್ತಲ್ಲ.

ಕುಂದು ಇಲ್ಲ ಅಂತಲ್ಲ. ಬೆರಳು ಉಳುಕುತ್ತದೆ, ನನ್ನ ಬಲಗೈ ಕಿರುಬೆರಳು ಈಗಲೂ ಪೂರ್ತಿ ಮಡಚಲ್ಲ. ಜೋರು ಮಳೆ ಬಂದರೆ ಗರಸೂ ಕೈಕೊಡುತ್ತದೆ. ಕಳೆದ ಜುಲೈನಲ್ಲಿ ಹನ್ನೊಂದು ದಿನ ಆಟ ನಿಂತಿತ್ತು, ಶಟಲ್‌ನವರು ಆಗ ನಮ್ಮನ್ನು ನೋಡಿ ನಕ್ಕರು. ಚೆಂಡು ಪಕ್ಕದ ಕಂಪೌಂಡಿಗೆ ಹೋದರೆ ಅಲ್ಲಿನ ಅಜ್ಜಿ, "ನನ್ನ ಮಲ್ಲಿಗಿ ಬಳ್ಳಿ ಮುರದ್ರ ನೋಡ್ರಿ" ಅಂತ ಬೈದೇ ಕೊಡುತ್ತಾರೆ. ಬೆಳಿಗ್ಗೆ ಆರೂವರೆಗೆ ಹದಿನಾಲ್ಕು ಗಂಡಸರು ಕಿರುಚಿದರೆ ಯಾರಿಗೆ ತಾನೇ ಇಷ್ಟ ಆಗುತ್ತದೆ, ಅಲ್ವಾ?

ಸಂಜೆ ಅದೇ ನೆಟ್ಟಿನಲ್ಲಿ ಹೆಣ್ಣುಮಕ್ಕಳು ತ್ರೋಬಾಲ್ ಆಡುತ್ತಾರೆ. ನನ್ನ ಹೆಂಡತಿಯ ಪ್ರಕಾರ ಅದೇ ಎಲ್ಲಕ್ಕಿಂತ ಮೇಲು. ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆಯಬೇಕು, ಒಂದೇ ದಿನಕ್ಕೆ ಯಾರಿಗಾದರೂ ಬರುತ್ತದೆ, ಮುಂಗೈ ಕೆಂಪಗಾಗಲ್ಲ. ಆಡದವರನ್ನು ಹೊಸದಾಗಿ ಆಟಕ್ಕೆ ಇಳಿಸಬೇಕು ಅಂದರೆ ಅವಳ ಮಾತೇ ಸರಿ ಇರಬಹುದು. ಪಾತ್ರೆಯ ಪ್ರಕರಣದ ನಂತರ ನಾನು ಅವಳ ಜೊತೆ ಆಟದ ವಿಷಯಕ್ಕೆ ವಾದ ಮಾಡಲ್ಲ.

ಐದು ತಿಂಗಳ ವಾಲಿಬಾಲ್ ಆದ ಮೇಲೆ ಎಚ್‌ಬಿಎ1ಸಿ 5.8. ಎಲ್ಲಾ ಚೆಂಡಿನದೇ ಪುಣ್ಯ ಅನ್ನಲ್ಲ, ರಾತ್ರಿ ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿದಿದ್ದೇನೆ, ಮಿರ್ಚಿ ವಾರಕ್ಕೊಮ್ಮೆ. ಆದರೆ ವಾರಕ್ಕೆ ಐದು ದಿನ, ದಿನಕ್ಕೆ ಮುಕ್ಕಾಲು ತಾಸು ಆಡುತ್ತಿದ್ದೇನೆ, ಇದು ನನ್ನ ಜೀವಮಾನದಲ್ಲಿ ಮೊದಲ ಸಲ. ನಿಮಗೆ ಸಮಯಕ್ಕೆ ಸರಿಯಾಗಿ ಬರುವ ಮೂವರು ಗೆಳೆಯರಿದ್ದು, ತಿಂಗಳಿಗೆ ಎರಡು ಸಾವಿರ ತೆಗೆದಿಡೋಕೆ ಆದರೆ ಶಟಲ್ ಆಡಿ, ಬೆವರಿಗೆ ಅದೇ ಸರಿ. ನೈಲಾನ್‌ನಿಂದ ಶುರು ಮಾಡಿ. ಮೊಣಕಾಲು ನೋವಿದ್ದರೆ ಕೆರೆ ದಂಡೆ. ನನ್ನಂಥ ಗುಂಪು ಬೇಕಾದವರಿಗೆ ಗರಸಿನ ಅಂಗಳ.

ಕಳೆದ ತಿಂಗಳು ನಾಲ್ಕನೆಯವನೂ ವಾಲಿಬಾಲ್‌ಗೆ ಸೇರಿದ. ಸೋಮವಾರ, ಮಂಗಳವಾರ ಬಂದ, ಚೆನ್ನಾಗಿಯೇ ಚೆಂಡು ಎತ್ತಿಕೊಟ್ಟ. ಶನಿವಾರ ಬಂದವನು ಬೂಟಿನ ಲಾಡಿ ಕಟ್ಟುತ್ತಾ, "ಮೂರು ದಿನಾ ನಾ ಇಲ್ಲದ ಹೆಂಗ್ ನಡೀತಲೇ?" ಅಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಬಂದಿರಲಿಲ್ಲ ಅನ್ನೋದು ನಮಗೆ ಆಗಲೇ ಗೊತ್ತಾಗಿದ್ದು.